ನಾಯಿ, ಬೆಕ್ಕಿನ ಮೈಮೇಲಿನ ಚಿಗಟ: ಅದರ ಮೈಕಟ್ಟೇನು, ಬದುಕೇನು, ಫಾರ್ವರ್ಡ್‌ಗಳು ತಪ್ಪುವುದು ಎಲ್ಲಿ?

ಮಳೆಗಾಲ ಶುರುವಾಯಿತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಚಿಗಟದ ಬಗ್ಗೆ ಸಂದೇಶಗಳು ಓಡಾಡತೊಡಗುತ್ತವೆ. ನಾಯಿಗೆ ದಿನಾ ನಾಲ್ಕು ಎಸಳು ಬೆಳ್ಳುಳ್ಳಿ ತಿನ್ನಿಸಿ ಎಂದು ಒಂದು ಸಂದೇಶ ಹೇಳುತ್ತದೆ. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಮೈ ಒರೆಸಿ ಎನ್ನುತ್ತದೆ ಇನ್ನೊಂದು. ಬೆಕ್ಕಿನ ಚಿಗಟದಿಂದ ಪ್ಲೇಗ್ ಬರುತ್ತದೆ, ಮನೆಯಲ್ಲಿ ಮಕ್ಕಳಿದ್ದರೆ ಕೂಡಲೇ ಬೆಕ್ಕನ್ನು ಊರಾಚೆ ಬಿಟ್ಟು ಬನ್ನಿ ಎಂದು ಹೆದರಿಸುತ್ತದೆ ಮತ್ತೊಂದು. ಕಳಿಸಿದವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಆದರೆ ಈ ಮೂರರಲ್ಲಿ ಯಾವುದನ್ನು ಪಾಲಿಸಿದರೂ ಚಿಗಟಕ್ಕಿಂತ ಮೊದಲು ಪೆಟ್ಟು ತಿನ್ನುವುದು ನಮ್ಮನ್ನು ನಂಬಿಕೊಂಡಿರುವ ಪ್ರಾಣಿ.

ಆದ್ದರಿಂದ ಈ ಲೇಖನದಲ್ಲಿ ಚಿಗಟದ ಮೈ ಹೇಗಿದೆ, ಅದು ಎಲ್ಲಿ ಬದುಕುತ್ತದೆ, ಯಾವಾಗ ಕಚ್ಚುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಇಷ್ಟು ಗೊತ್ತಾದರೆ ಯಾವ ಸಲಹೆ ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂದು ನಾವೇ ಹೇಳಬಹುದು.

ಚಿಗಟ, ಹೇನು, ಉಣ್ಣೆ: ಮೂರೂ ಒಂದೇನಾ?

ಅಲ್ಲ. ಮೂರೂ ರಕ್ತ ಹೀರುತ್ತವೆ, ಮೂರೂ ಕೂದಲಿನ ನಡುವೆ ಅಡಗಿಕೊಳ್ಳುತ್ತವೆ ಎಂಬ ಕಾರಣಕ್ಕೆ ಇವನ್ನು ಒಂದೇ ಗುಂಪಿಗೆ ಸೇರಿಸುವುದು ರೂಢಿ. ಆದರೆ ಇವುಗಳ ನಡವಳಿಕೆ ಬೇರೆ, ತರುವ ರೋಗ ಬೇರೆ, ಮದ್ದೂ ಎಷ್ಟೋ ಸಲ ಬೇರೆ.

ಚಿಗಟಕ್ಕೆ ಆರು ಕಾಲು. ರೆಕ್ಕೆಯಿಲ್ಲ, ಆದರೆ ಜಿಗಿಯುತ್ತದೆ. ಬಣ್ಣ ಕೆಂಪು ಬೆರೆತ ಕಂದು. ಉದ್ದ ಒಂದರಿಂದ ಮೂರು ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಎಳ್ಳಿನ ಕಾಳಿನಷ್ಟು.

ಹೇನಿಗೂ ಆರು ಕಾಲು, ಆದರೆ ಅದು ಜಿಗಿಯುವುದಿಲ್ಲ. ಕೂದಲನ್ನು ಕಚ್ಚಿ ಹಿಡಿದು ನಿಧಾನವಾಗಿ ಹರಿಯುತ್ತದೆ. ತನ್ನ ಮೊಟ್ಟೆಯನ್ನು, ಅಂದರೆ ಸೀರನ್ನು, ಕೂದಲಿಗೇ ಅಂಟಿಸುತ್ತದೆ. ಮನುಷ್ಯರ ತಲೆಯ ಹೇನು ನಾಯಿಗೆ ಹತ್ತುವುದಿಲ್ಲ, ನಾಯಿಯ ಹೇನು ಮನುಷ್ಯರ ತಲೆಯಲ್ಲಿ ಮನೆ ಮಾಡುವುದಿಲ್ಲ.

ಉಣ್ಣೆ ಕೀಟವೇ ಅಲ್ಲ. ಕೆಲವು ಕಡೆ ಉಣುಗು ಎನ್ನುವ ಇದು ಜೇಡ, ಚೇಳುಗಳ ಬಳಗಕ್ಕೆ ಸೇರಿದ್ದು. ಬೆಳೆದ ಉಣ್ಣೆಗೆ ಎಂಟು ಕಾಲು. ಒಂದು ಕಡೆ ಬಾಯಿ ಊರಿತೆಂದರೆ ದಿನಗಟ್ಟಲೆ ಅಲ್ಲೇ ಅಂಟಿಕೊಂಡು ರಕ್ತ ಹೀರಿ ಹರಳುಬೀಜದಂತೆ ಊದಿಕೊಳ್ಳುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣ್ಣೆಯಿಂದ. ಚಿಗಟಕ್ಕೂ ಮಂಗನ ಕಾಯಿಲೆಗೂ ಸಂಬಂಧವಿಲ್ಲ. ಎರಡನ್ನೂ ಕಲಸಿ ಬರೆದ ಸಂದೇಶ ಬಂದರೆ ಅದನ್ನು ಅಲ್ಲೇ ನಿಲ್ಲಿಸಿ.

ಬೆಕ್ಕಿನ ಚಿಗಟ ನಾಯಿಯ ಮೇಲೇಕೆ?

ಜಗತ್ತಿನಲ್ಲಿ ಸುಮಾರು 2,500 ಬಗೆಯ ಚಿಗಟಗಳಿವೆ. ಹೆಚ್ಚಿನವು ಇಲಿ, ಹೆಗ್ಗಣ, ಅಳಿಲುಗಳಂಥ ಸಣ್ಣ ಪ್ರಾಣಿಗಳ ಮೇಲೆ ಬದುಕುತ್ತವೆ. ಕೆಲವು ಹಕ್ಕಿಗಳ ಮೇಲಿವೆ. ಸಾಕುಪ್ರಾಣಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಬೆಕ್ಕಿನ ಚಿಗಟ. ವಿಜ್ಞಾನಿಗಳು ಇದನ್ನು ಟೀನೊಸೆಫಾಲಿಡಿಸ್ ಫೆಲಿಸ್ ಎನ್ನುತ್ತಾರೆ. ಹೆಸರು ಬೆಕ್ಕಿನದಾದರೂ ಇದಕ್ಕೆ ಅಂಥ ಭೇದವಿಲ್ಲ. ನಾಯಿ, ಮೇಕೆ, ಕರು, ಮೊಲ ಯಾವುದಾದರೂ ಸರಿ. ನಮ್ಮ ದೇಶದ ನಾಯಿಗಳ ಮೇಲೆ ಇದರ ಹತ್ತಿರದ ಸಂಬಂಧಿಯಾದ ಒರಿಯೆಂಟಿಸ್ ಎಂಬ ಜಾತಿಯೂ ಸಾಮಾನ್ಯ. ನಾಯಿಯದೇ ಹೆಸರು ಹೊತ್ತ ಇನ್ನೊಂದು ಜಾತಿ ಬೇರೆ ಇದೆ.

ಆದ್ದರಿಂದ ನಮ್ಮ ಮನೆಯಲ್ಲಿ ಬೆಕ್ಕೇ ಇಲ್ಲ, ನಾಯಿಗೆ ಚಿಗಟ ಎಲ್ಲಿಂದ ಬರಬೇಕು ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಅಂಗಳದಲ್ಲಿ ಒಂದು ಮಧ್ಯಾಹ್ನ ಮಲಗಿ ಹೋದ ಬೀದಿಬೆಕ್ಕು ತನ್ನ ಮೈಯಿಂದ ಉದುರಿಸಿದ ಮೊಟ್ಟೆಗಳೇ ಸಾಕು.

ಕೂದಲ ಕಾಡಿಗೆಂದೇ ಮಾಡಿದ ಮೈ

ಚಿಗಟವನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅದರ ಚಪ್ಪಟೆತನ. ತಿಗಣೆಯೂ ಚಪ್ಪಟೆಯೇ, ಆದರೆ ಅದು ಮೇಲಿಂದ ಒತ್ತಿದಂತಿರುತ್ತದೆ. ಗೋಡೆಯ ಸಂದಿನಲ್ಲಿ, ಮಂಚದ ಬಿರುಕಿನಲ್ಲಿ ಅಡಗಲು ಅದಕ್ಕೆ ಹಾಗೆಯೇ ಅನುಕೂಲ. ಚಿಗಟವಾದರೋ ಎರಡು ಅಂಗೈಗಳ ನಡುವೆ ಪಕ್ಕದಿಂದ ಒತ್ತಿದಂತಿದೆ, ಮೀನಿನ ಹಾಗೆ. ಒತ್ತಾಗಿ ಬೆಳೆದ ಕೂದಲುಗಳ ನಡುವೆ ನುಸುಳಿ ಓಡಲು ಇದಕ್ಕಿಂತ ಒಳ್ಳೆಯ ಆಕಾರ ಇನ್ನೊಂದಿಲ್ಲ.

ಮೈತುಂಬ ಇರುವ ಬಿರುಗೂದಲುಗಳೆಲ್ಲ ಹಿಂದಕ್ಕೆ ಬಾಗಿವೆ. ಮುಂದೆ ಹೋಗುವಾಗ ಅವು ಅಡ್ಡ ಬರುವುದಿಲ್ಲ, ಹಿಂದಕ್ಕೆ ಎಳೆದರೆ ಸಿಕ್ಕಿಕೊಳ್ಳುತ್ತವೆ. ಬೆಕ್ಕಿನ ಚಿಗಟದ ಕೆನ್ನೆಯ ಕೆಳಗೆ ಒಂದು ಸಾಲು, ಕುತ್ತಿಗೆಯ ಹಿಂದೆ ಇನ್ನೊಂದು ಸಾಲು ಗಟ್ಟಿ ಮುಳ್ಳುಗಳಿವೆ. ನೋಡಲು ಥೇಟ್ ಬಾಚಣಿಗೆಯ ಹಲ್ಲುಗಳಂತೆ. ನಾಯಿ ಕೆರೆದುಕೊಂಡರೂ, ಬೆಕ್ಕು ನಾಲಿಗೆಯಿಂದ ನೆಕ್ಕಿ ತೆಗೆಯಲು ನೋಡಿದರೂ ಚಿಗಟ ಸುಲಭಕ್ಕೆ ಉದುರದಿರಲು ಈ ಮುಳ್ಳುಗಳೂ ಕಾಲಿನ ಉಗುರುಗಳೂ ಕಾರಣ.

ಹೊರಚಿಪ್ಪು ನುಣುಪು, ಬಹಳ ಗಟ್ಟಿ. ಬೆರಳಿನಿಂದ ಹೊಸಕಿದರೆ ಚಿಗಟ ಸಾಯುವುದಿಲ್ಲ, ಬಿಟ್ಟ ಕೂಡಲೇ ಹಾರಿ ಹೋಗುತ್ತದೆ. ಎರಡು ಉಗುರುಗಳ ನಡುವೆ ಇಟ್ಟು ಕುಕ್ಕುವುದು ಹಳೆಯ ಉಪಾಯ. ಅದಕ್ಕಿಂತ ಸೋಪು ಕದಡಿದ ನೀರಿಗೆ ಹಾಕುವುದು ಒಳ್ಳೆಯದು. ಬರೀ ನೀರಿನಲ್ಲಿ ಅದು ಮೇಲೆ ತೇಲಬಹುದು. ಸೋಪು ಬೆರೆತರೆ ನೀರಿನ ಮೇಲ್ಮೈಯ ಬಿಗುವು ಕಡಿಮೆಯಾಗಿ ಮುಳುಗುತ್ತದೆ.

ಬಾಯಿ ಸೂಜಿಯಂಥದ್ದು. ಚರ್ಮವನ್ನು ಚುಚ್ಚಿ, ರಕ್ತ ಹೆಪ್ಪುಗಟ್ಟದಂತೆ ಜೊಲ್ಲು ಬಿಟ್ಟು, ಹೀರುತ್ತದೆ. ಮುಂದೆ ಆಗುವ ತುರಿಕೆಗೆಲ್ಲ ಈ ಜೊಲ್ಲೇ ಮೂಲ. ಹಿಂತುದಿಯಲ್ಲಿ ಗಾಳಿಯ ಅಲುಗಾಟವನ್ನು ಗುರುತಿಸುವ ಸಣ್ಣ ರೋಮಗಳ ಫಲಕವೊಂದಿದೆ. ಹಿಡಿಯಲು ಕೈ ಚಾಚುವ ಮೊದಲೇ ಚಿಗಟ ಜಾಗ ಖಾಲಿ ಮಾಡುವುದರ ಗುಟ್ಟಿನಲ್ಲಿ ಇದರ ಪಾಲೂ ಇದೆ.

ಜಿಗಿತದ ಗುಟ್ಟು

ರೆಕ್ಕೆಯಿಲ್ಲದ ಕೊರತೆಯನ್ನು ಚಿಗಟ ಹಿಂಗಾಲಿನಿಂದ ತುಂಬಿಕೊಂಡಿದೆ. ಫ್ರಾನ್ಸಿನ ಪಶುವೈದ್ಯ ಸಂಶೋಧಕರು ಅಳೆದು ನೋಡಿದಾಗ ಬೆಕ್ಕಿನ ಚಿಗಟ ಸರಾಸರಿ 13 ಸೆಂಟಿಮೀಟರ್, ನಾಯಿಯ ಚಿಗಟ ಸರಾಸರಿ 15 ಸೆಂಟಿಮೀಟರ್ ಎತ್ತರಕ್ಕೆ ಹಾರಿದವು. ಈ ಹೋಲಿಕೆಗೆ 2008ರ ಇಗ್ ನೊಬೆಲ್ ಬಹುಮಾನವೂ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಬಹುಮಾನ ಅದು.

ಇಷ್ಟು ಬೇಗ ನೆಗೆಯುವ ಶಕ್ತಿ ಬರೀ ಸ್ನಾಯುವಿನಿಂದ ಬರುವುದಿಲ್ಲ. ನೆಲ ಬಿಡಲು ಚಿಗಟ ತೆಗೆದುಕೊಳ್ಳುವ ಸಮಯ ಸುಮಾರು ಒಂದು ಸೆಕೆಂಡಿನ ಸಾವಿರದ ಒಂದು ಭಾಗ. ಯಾವ ಸ್ನಾಯುವೂ ಅಷ್ಟು ವೇಗವಾಗಿ ಸಂಕುಚಿಸಲಾರದು. ಬಾಣವನ್ನು ಕೈಯಿಂದ ಎಸೆದರೆ ಎಷ್ಟು ದೂರ ಹೋದೀತು? ಅದೇ ಕೈ ಬಿಲ್ಲನ್ನು ನಿಧಾನವಾಗಿ ಬಗ್ಗಿಸಿ ಹೆದೆಯನ್ನು ಒಮ್ಮೆಲೇ ಬಿಟ್ಟರೆ ಬಾಣ ಚಿಮ್ಮುತ್ತದೆ. ಚಿಗಟದ ಎದೆಯೊಳಗೆ ಅಂಥದೇ ಬಿಲ್ಲಿದೆ. ರೆಸಿಲಿನ್ ಎಂಬ ರಬ್ಬರಿನಂಥ ಪ್ರೋಟೀನು ಮತ್ತು ಅದರ ಸುತ್ತಲಿನ ಗಟ್ಟಿ ಚಿಪ್ಪು ಸೇರಿ ಆದ ಬಿಲ್ಲು ಅದು. ಸ್ನಾಯು ನಿಧಾನವಾಗಿ ಅದನ್ನು ಒತ್ತಿ ಹಿಡಿಯುತ್ತದೆ, ಕೊಂಡಿ ಬಿಟ್ಟೊಡನೆ ಕೂಡಿಟ್ಟ ಶಕ್ತಿಯೆಲ್ಲ ಹಿಂಗಾಲಿಗೆ ಹರಿಯುತ್ತದೆ. ಆ ಕ್ಷಣದಲ್ಲಿ ಅದರ ವೇಗೋತ್ಕರ್ಷ ಗುರುತ್ವಾಕರ್ಷಣೆಯ ನೂರು ಪಟ್ಟು ಮೀರುತ್ತದೆ.

ಈ ಬಿಲ್ಲಿನ ಲೆಕ್ಕವನ್ನು 1967ರಲ್ಲಿ ಬೆನೆಟ್-ಕ್ಲಾರ್ಕ್ ಮತ್ತು ಲೂಸಿ ಮುಂದಿಟ್ಟರು. ಆದರೆ ಚಿಗಟ ನೆಲವನ್ನು ಒದೆಯುವುದು ಕಾಲಿನ ಯಾವ ಭಾಗದಿಂದ ಎಂಬ ವಾದ ನಾಲ್ಕು ದಶಕ ನಡೆಯಿತು. 2011ರಲ್ಲಿ ಕೇಂಬ್ರಿಡ್ಜಿನ ಸಟನ್ ಮತ್ತು ಬರೋಸ್ ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು, ಕಾಲಿನ ತುದಿಭಾಗದಿಂದ ಒದ್ದು ನೆಗೆಯುತ್ತದೆ ಎಂದು ತೋರಿಸಿದರು.

ಇಲ್ಲೊಂದು ಜನಪ್ರಿಯ ಫಾರ್ವರ್ಡ್ ನೆನಪಾಗುತ್ತದೆ. ಮನುಷ್ಯನಿಗೆ ಚಿಗಟದ ಶಕ್ತಿಯಿದ್ದರೆ ದೊಡ್ಡ ದೊಡ್ಡ ಕಟ್ಟಡಗಳನ್ನೇ ಹಾರಿ ದಾಟುತ್ತಿದ್ದ ಎಂಬುದು. ಲೆಕ್ಕ ನೋಡಿದರೆ ಸರಿಯೆನಿಸುತ್ತದೆ. ಎರಡು ಮಿಲಿಮೀಟರ್ ಉದ್ದದ ಚಿಗಟ 13 ಸೆಂಟಿಮೀಟರ್ ಹಾರಿದರೆ ತನ್ನ ಉದ್ದದ 65 ಪಟ್ಟು ಆಯಿತು. 160 ಸೆಂಟಿಮೀಟರಿನ ಮನುಷ್ಯ 65 ಪಟ್ಟು ಹಾರಿದರೆ 104 ಮೀಟರ್. ವಿಜಯಪುರದ ಗೋಳಗುಮ್ಮಟದ ಎರಡರಷ್ಟು! ಆದರೆ ಪ್ರಕೃತಿಯ ಲೆಕ್ಕ ಹಾಗಿಲ್ಲ. ಮೈ ದೊಡ್ಡದಾದಂತೆ ಸ್ನಾಯು ಹೆಚ್ಚುತ್ತದೆ, ಎತ್ತಬೇಕಾದ ತೂಕವೂ ಅಷ್ಟೇ ಹೆಚ್ಚುತ್ತದೆ. ಹಾಗಾಗಿ ಪ್ರಾಣಿ ದೊಡ್ಡದಾದಷ್ಟೂ ಅದೇ ಅನುಪಾತದಲ್ಲಿ ಎತ್ತರಕ್ಕೆ ಹಾರಲಾರದು. ಮನುಷ್ಯನ ಗಾತ್ರಕ್ಕೆ ಬೆಳೆದ ಚಿಗಟವಿದ್ದರೆ ಗುಮ್ಮಟ ಹಾರುವ ಮಾತಿರಲಿ, ತನ್ನ ತೂಕ ಹೊತ್ತು ನಿಲ್ಲುವುದೇ ಕಷ್ಟವಾಗುತ್ತಿತ್ತು.

ದಿನಬಳಕೆಗೆ ಇದರಿಂದ ಸಿಗುವ ತಿಳಿವು ಒಂದೇ: ನೆಲದಿಂದ ಹಾರುವ ಚಿಗಟ ಮುಟ್ಟುವುದು ನಮ್ಮ ಪಾದ, ಹಿಮ್ಮಡಿ, ಮೀನಖಂಡವನ್ನು. ಕಡಿತದ ಗುರುತು ಹೆಚ್ಚಾಗಿ ಮೊಣಕಾಲಿನ ಕೆಳಗೇ ಇರುವುದು ಇದೇ ಕಾರಣಕ್ಕೆ.

ಕಾಣುವುದು ನೂರರಲ್ಲಿ ಐದು ಮಾತ್ರ

ಚಿಗಟದ ಬದುಕಿನಲ್ಲಿ ಮೊಟ್ಟೆ, ಮರಿಹುಳು, ಗೂಡು, ಬೆಳೆದ ಚಿಗಟ ಎಂಬ ನಾಲ್ಕು ಹಂತಗಳಿವೆ. ಚಿಟ್ಟೆಯ ಹಾಗೆಯೇ. ಇವುಗಳಲ್ಲಿ ಪ್ರಾಣಿಯ ಮೈಮೇಲಿರುವುದು ಕೊನೆಯ ಹಂತ ಮಾತ್ರ.

ಬೆಳೆದ ಬೆಕ್ಕಿನ ಚಿಗಟ ಒಮ್ಮೆ ಪ್ರಾಣಿಯ ಮೈಗೆ ಹತ್ತಿತೆಂದರೆ ತಾನಾಗಿ ಇಳಿಯುವುದು ಅಪರೂಪ. ಕೆಲವೇ ನಿಮಿಷಗಳಲ್ಲಿ ರಕ್ತ ಹೀರತೊಡಗುತ್ತದೆ. ಹೆಣ್ಣು ಚಿಗಟ ದಿನಕ್ಕೆ ತನ್ನ ತೂಕದ ಸುಮಾರು 15 ಪಟ್ಟು ರಕ್ತ ಹೀರಬಲ್ಲದು. ಮೊದಲ ಊಟವಾದ ಒಂದೆರಡು ದಿನದಲ್ಲಿ ಮೊಟ್ಟೆಯಿಡಲು ಶುರು ಮಾಡಿ, ದಿನಕ್ಕೆ 20ರಿಂದ 40, ಕೆಲವೊಮ್ಮೆ ಅದಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ನಾಯಿಯ ಮೈಮೇಲೆ ಬರೀ ಹತ್ತು ಹೆಣ್ಣು ಚಿಗಟಗಳಿವೆ, ಪ್ರತಿಯೊಂದೂ ದಿನಕ್ಕೆ 30 ಮೊಟ್ಟೆ ಇಡುತ್ತದೆ ಎಂದುಕೊಳ್ಳೋಣ. ದಿನಕ್ಕೆ 300, ವಾರಕ್ಕೆ 2,100.

ಈ ಮೊಟ್ಟೆಗಳು ಸೀರಿನಂತೆ ಕೂದಲಿಗೆ ಅಂಟುವುದಿಲ್ಲ. ಅರ್ಧ ಮಿಲಿಮೀಟರಿನ ಬಿಳಿಯ, ನುಣುಪಾದ ಮೊಟ್ಟೆಗಳು ಉಪ್ಪಿನ ಹರಳಿನಂತೆ ಉದುರುತ್ತವೆ. ನಾಯಿ ಎಲ್ಲಿ ಮಲಗುತ್ತದೋ, ಎಲ್ಲಿ ಮೈ ಕೊಡವುತ್ತದೋ ಅಲ್ಲೆಲ್ಲ. ಗೋಣಿಚೀಲ, ಕಾಲೊರಸು, ಸೋಫಾದ ಸಂದು, ಮಂಚದ ಅಡಿ, ಮಣ್ಣಿನ ನೆಲದ ಬಿರುಕು ಎಲ್ಲವೂ ಅವುಗಳ ತೊಟ್ಟಿಲೇ.

ಕೆಲವು ದಿನಗಳಲ್ಲಿ ಮೊಟ್ಟೆಯೊಡೆದು ಕಾಲಿಲ್ಲದ, ದಾರದ ಚೂರಿನಂಥ ಮರಿಹುಳು ಹೊರಬರುತ್ತದೆ. ಅದು ರಕ್ತ ಹೀರುವುದಿಲ್ಲ, ಬೆಳಕು ಕಂಡರೆ ಸರಿದು ಕತ್ತಲೆಗೆ, ಆಳಕ್ಕೆ ಇಳಿಯುತ್ತದೆ. ಅದರ ಮುಖ್ಯ ಆಹಾರ ಏನು ಗೊತ್ತೇ? ದೊಡ್ಡ ಚಿಗಟಗಳ ಹಿಕ್ಕೆ. ತಾಯಿ ಚಿಗಟ ತನಗೆ ಬೇಕಾದದ್ದಕ್ಕಿಂತ ಹೆಚ್ಚು ರಕ್ತ ಹೀರಿ ಅದರ ಬಹುಪಾಲನ್ನು ಹಿಕ್ಕೆಯಾಗಿ ಹೊರಹಾಕುತ್ತದೆ. ಒಣಗಿದ ಆ ರಕ್ತದ ಪುಡಿ ಮೊಟ್ಟೆಗಳ ಜೊತೆಗೇ ಉದುರಿ ಮರಿಗಳಿಗೆ ಬುತ್ತಿಯಾಗುತ್ತದೆ.

ಚೆನ್ನಾಗಿ ತಿಂದ ಮರಿಹುಳು ರೇಷ್ಮೆಯಂಥ ಎಳೆಯಿಂದ ಗೂಡು ಹೆಣೆದು ಅದರೊಳಗೆ ಬೆಳೆಯುತ್ತದೆ. ಗೂಡು ಅಂಟಂಟಾಗಿರುವುದರಿಂದ ದೂಳು, ಮರಳು ಮೆತ್ತಿಕೊಂಡು ಕಣ್ಣಿಗೇ ಕಾಣುವುದಿಲ್ಲ. ಬಿಸಿಲು ಹದವಾಗಿದ್ದು ಗಾಳಿಯಲ್ಲಿ ತೇವವಿದ್ದರೆ ಮೊಟ್ಟೆಯಿಂದ ಬೆಳೆದ ಚಿಗಟದವರೆಗಿನ ಪಯಣ ಮೂರು ನಾಲ್ಕು ವಾರಗಳಲ್ಲಿ ಮುಗಿಯುತ್ತದೆ.

ಪಶುವೈದ್ಯರು ಸಾಮಾನ್ಯವಾಗಿ ಕೊಡುವ ಅಂದಾಜು ಹೀಗಿದೆ. ಚಿಗಟ ಹತ್ತಿದ ಮನೆಯಲ್ಲಿರುವ ಒಟ್ಟು ಸಂತತಿಯಲ್ಲಿ ಅರ್ಧದಷ್ಟು ಮೊಟ್ಟೆ, ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಮರಿಹುಳು, ನೂರಕ್ಕೆ ಹತ್ತು ಗೂಡು. ಪ್ರಾಣಿಯ ಮೈಮೇಲಿರುವ ಬೆಳೆದ ಚಿಗಟ ನೂರಕ್ಕೆ ಐದು. ಅಂದರೆ ನಾಯಿಗೆ ಎಷ್ಟು ಚೆನ್ನಾಗಿ ಸ್ನಾನ ಮಾಡಿಸಿದರೂ ಉಳಿದ 95 ನಮ್ಮ ಮನೆಯ ನೆಲದಲ್ಲಿ ಹಾಗೇ ಇರುತ್ತವೆ.

ತೇವ ಕಡಿಮೆಯಾದರೆ ಮೊಟ್ಟೆಯೂ ಮರಿಹುಳುವೂ ಒಣಗಿ ಸಾಯುತ್ತವೆ. ಸುಡು ಬಿಸಿಲೂ ಅವಕ್ಕೆ ಆಗದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಯಲಿನಲ್ಲಿ ಬಿದ್ದ ಮೊಟ್ಟೆ ಬದುಕುವುದು ಕಷ್ಟ. ಕರಾವಳಿ, ಮಲೆನಾಡಿನ ತೇವದಲ್ಲಿ, ಮಳೆಗಾಲದ ಬೆಂಗಳೂರಿನಲ್ಲಿ ಅವಕ್ಕೆ ಸುಗ್ಗಿ.

ಬೀಗ ಹಾಕಿದ್ದ ಮನೆಯಲ್ಲಿ ಚಿಗಟದ ದಾಳಿ

ಎರಡು ವಾರ ಊರಿಗೆ ಹೋಗಿ ಬಂದು ಬಾಗಿಲು ತೆಗೆದರೆ ಕಾಲಿಗೆ ಮುತ್ತಿಕೊಳ್ಳುವ ಚಿಗಟಗಳ ಅನುಭವ ಹಲವರದು. ಖಾಲಿ ಮನೆಯಲ್ಲಿ ಇವೆಲ್ಲಿಂದ ಹುಟ್ಟಿದವು ಎಂದು ಆಶ್ಚರ್ಯಪಡುತ್ತಾರೆ. ಯಾರೋ ಮಾಟ ಮಾಡಿಸಿದ್ದಾರೆ ಎಂಬ ಮಾತೂ ಬರುತ್ತದೆ.

ಕಾರಣ ಸರಳ. ಗೂಡಿನೊಳಗೆ ಪೂರ್ತಿ ಬೆಳೆದ ಚಿಗಟ ಕೂಡಲೇ ಹೊರಬರಲೇಬೇಕೆಂದಿಲ್ಲ. ಹೊರಗೆ ಊಟ ಸಿಗುವ ಸೂಚನೆ ಇಲ್ಲದಿದ್ದರೆ ವಾರಗಟ್ಟಲೆ, ಅನುಕೂಲವಿದ್ದರೆ ತಿಂಗಳುಗಟ್ಟಲೆ ಅಲ್ಲೇ ಸುಮ್ಮನಿರುತ್ತದೆ. ನೆಲದ ನಡುಕ, ಮೇಲಿಂದ ಬಿದ್ದ ಒತ್ತಡ, ಮೈಯ ಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡ್ ಇವು ಅದಕ್ಕೆ ಎಚ್ಚರದ ಗಂಟೆ. ಬಾಗಿಲು ತೆಗೆದು ನಾವು ನಡೆದಾಡಿದೊಡನೆ ಗೂಡುಗಳೆಲ್ಲ ಒಟ್ಟಿಗೆ ಬಿರಿಯುತ್ತವೆ. ನಾಯಿ ಬೆಕ್ಕು ಹತ್ತಿರವಿಲ್ಲದಿದ್ದರೆ ಮೊದಲು ಸಿಗುವುದು ನಮ್ಮ ಕಾಲು.

ಚಿಗಟವೆಂದು ಸಾಕಿದ ಪ್ರಾಣಿಯನ್ನು ಓಡಿಸುವುದರಲ್ಲಿರುವ ತಪ್ಪೂ ಇದೇ. ಬೆಕ್ಕನ್ನು ಊರಾಚೆ ಬಿಟ್ಟು ಬಂದರೆ ಅದರ ಮೈಮೇಲಿದ್ದ ಐದು ಪಾಲು ಹೋಗುತ್ತದೆ. ನೆಲದಲ್ಲಿದ್ದ 95 ಪಾಲು ಉಳಿಯುತ್ತದೆ. ಅವು ಹೊರಬಂದಾಗ ಹತ್ತಲು ಬೆಕ್ಕಿರುವುದಿಲ್ಲ, ನೆಲದಲ್ಲಿ ಅಂಬೆಗಾಲಿಡುವ ಮಗುವಿರುತ್ತದೆ. ಪ್ರಾಣಿಯೂ ಹೋಯಿತು, ಕಡಿತವೂ ಹೆಚ್ಚಾಯಿತು ಎಂಬಂತಾಗುತ್ತದೆ. ಮೇಲಾಗಿ ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಪ್ಲೇಗ್ ಬರುತ್ತದೆಯೇ?

ಈ ಹೆದರಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ, ಅದಕ್ಕೆ ಚರಿತ್ರೆಯಿದೆ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗ್ 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಕಾಲಿಟ್ಟಿತು. ಇಲಿ ಬಿದ್ದರೆ ಜನ ಮನೆ ಬಿಟ್ಟು ಊರ ಹೊರಗೆ ಜೋಪಡಿ ಹಾಕಿಕೊಳ್ಳುತ್ತಿದ್ದರು. ಮಲ್ಲೇಶ್ವರ, ಬಸವನಗುಡಿಯಂಥ ಬಡಾವಣೆಗಳು ಬೇಗ ಬೆಳೆದದ್ದರ ಹಿಂದೆ ಆ ಪ್ಲೇಗಿನ ಪಾಠವಿದೆ. ಪ್ಲೇಗಿನ ಹೆಸರಿನಲ್ಲೇ ನೆಲೆಗೊಂಡ ಮಾರಿಯಮ್ಮನ ಗುಡಿಗಳು ಇಂದಿಗೂ ಇವೆ.

ರೋಗದ ಬ್ಯಾಕ್ಟೀರಿಯಾವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಗುರುತಿಸಿದ್ದರು. ಅದು ಇಲಿಯಿಂದ ಹರಡುವುದು ಹೇಗೆಂಬುದು ಮಾತ್ರ ಬಿಡಿಸದ ಒಗಟಾಗಿತ್ತು. 1898ರ ಜೂನಿನಲ್ಲಿ, ಬೆಂಗಳೂರಿಗೆ ಪ್ಲೇಗ್ ತಲುಪುವ ಕೆಲವೇ ವಾರಗಳ ಮೊದಲು, ಕರಾಚಿಯಲ್ಲಿ ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮೊನ್ ಒಂದು ಪ್ರಯೋಗ ಮಾಡಿದರು. ಪ್ಲೇಗ್ ತಗುಲಿದ ಇಲಿಯನ್ನು ಗಾಜಿನ ಜಾಡಿಯಲ್ಲಿಟ್ಟರು. ಚಿಗಟ ಸಾಲದು ಎನಿಸಿ, ತಾವಿದ್ದ ಹೋಟೆಲಿನ ಬಳಿ ಸುಳಿದಾಡುತ್ತಿದ್ದ ಬೆಕ್ಕಿನಿಂದ ಇನ್ನಷ್ಟು ಹಿಡಿದು ಅದರ ಮೇಲೆ ಬಿಟ್ಟರು. ಪಕ್ಕದಲ್ಲಿ ಜಾಲರಿಯ ಗೂಡಿನಲ್ಲಿ ಆರೋಗ್ಯವಾಗಿದ್ದ ಇಲಿಯನ್ನಿಟ್ಟರು. ಎರಡೂ ಒಂದನ್ನೊಂದು ಮುಟ್ಟುವಂತಿರಲಿಲ್ಲ, ಚಿಗಟ ಮಾತ್ರ ಹಾರಬಹುದಿತ್ತು. ಮೊದಲ ಇಲಿ ಸತ್ತಿತು. ಕೆಲವು ದಿನಗಳಲ್ಲಿ ಎರಡನೆಯದೂ ಪ್ಲೇಗಿನಿಂದ ಸತ್ತಿತು. ಹಲವರು ಇದನ್ನು ಆಗ ನಂಬಲಿಲ್ಲ. ಮುಂದಿನ ದಶಕದಲ್ಲಿ ಮುಂಬಯಿಯಲ್ಲಿ ನಡೆದ ಪ್ಲೇಗ್ ಆಯೋಗದ ಪ್ರಯೋಗಗಳು ಅವರ ಮಾತನ್ನು ಗಟ್ಟಿ ಮಾಡಿದವು.

ಇಲ್ಲಿಯೇ ಫಾರ್ವರ್ಡ್‌ಗಳು ಬಿಡುವ ಮುಖ್ಯ ಸಂಗತಿಯಿದೆ. ಪ್ಲೇಗನ್ನು ದೊಡ್ಡ ಪ್ರಮಾಣದಲ್ಲಿ ಹರಡಿದ್ದು ಇಲಿಯ ಚಿಗಟ, ಕ್ಸೆನಾಪ್ಸಿಲ್ಲ ಕಿಯೊಪಿಸ್. ಅದರ ಹೊಟ್ಟೆಯ ಬಾಗಿಲಲ್ಲಿ ಬ್ಯಾಕ್ಟೀರಿಯಾ ಬೆಳೆದು ಗಟ್ಟಿಯಾಗಿ ಬಿರಡೆ ಹಾಕಿದಂತಾಗುತ್ತದೆ. ಎಷ್ಟು ಹೀರಿದರೂ ರಕ್ತ ಒಳಗೆ ಇಳಿಯದೆ, ಹಸಿವಿನಿಂದ ಅದು ಮತ್ತೆ ಮತ್ತೆ ಕಚ್ಚುತ್ತದೆ. ಪ್ರತಿ ಸಲವೂ ಬ್ಯಾಕ್ಟೀರಿಯಾ ಬೆರೆತ ರಕ್ತ ಗಾಯಕ್ಕೆ ವಾಪಸು ಹೋಗುತ್ತದೆ. 1914ರಲ್ಲಿ ಬೇಕಟ್ ಮತ್ತು ಮಾರ್ಟಿನ್ ಇದನ್ನು ವಿವರಿಸಿದರು. ಬೆಕ್ಕಿನ ಚಿಗಟದಲ್ಲಿ ಹೀಗೆ ಬಿರಡೆ ಬೀಳುವುದು ಬಹಳ ಕಡಿಮೆ, ಅದು ಪ್ಲೇಗ್ ಹರಡುವುದರಲ್ಲಿ ದುರ್ಬಲ. ಎಲ್ಲಕ್ಕಿಂತ ಮುಖ್ಯವಾಗಿ, ಸುತ್ತಮುತ್ತ ಪ್ಲೇಗ್ ಇಲ್ಲದಿದ್ದರೆ ಯಾವ ಚಿಗಟವೂ ಅದನ್ನು ಹುಟ್ಟಿಸಲಾರದು. ಕಾಡಿನ ಇಲಿ, ಅಳಿಲುಗಳಲ್ಲಿ ಪ್ಲೇಗ್ ಉಳಿದಿರುವ ಅಮೆರಿಕದ ಪಶ್ಚಿಮ ಭಾಗದಲ್ಲಿ ಬೆಕ್ಕಿಗೂ ರೋಗ ತಗುಲುವುದುಂಟು. ನಮ್ಮ ಮನೆಯ ಬೆಕ್ಕು ಕೆರೆದುಕೊಂಡರೆ ಅದು ಪ್ಲೇಗಿನ ಲಕ್ಷಣವಲ್ಲ.

ಆದರೆ ಒಂದು ಹಳೆಯ ಎಚ್ಚರ ಇಂದಿಗೂ ಬೇಕು. ಒಂದೇ ಕಡೆ ಕಾರಣವಿಲ್ಲದೆ ಹಲವು ಇಲಿಗಳು ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ಸತ್ತ ಇಲಿಯ ಮೈ ತಣ್ಣಗಾದಂತೆ ಅದರ ಚಿಗಟಗಳು ಹೊಸ ಮೈ ಹುಡುಕುತ್ತವೆ.

ಹಾಗಾದರೆ ನಿಜವಾದ ತೊಂದರೆ ಏನು?

ಮೊದಲನೆಯದು ಅಲರ್ಜಿ. ಕೆಲವು ನಾಯಿ, ಬೆಕ್ಕುಗಳಿಗೆ ಚಿಗಟದ ಜೊಲ್ಲು ಒಗ್ಗುವುದಿಲ್ಲ. ಒಂದೆರಡು ಕಡಿತ ಸಾಕು, ಬಾಲದ ಬುಡ, ಸೊಂಟ, ತೊಡೆಯ ಹಿಂಭಾಗವನ್ನು ಕಚ್ಚಿ ಕೆರೆದು ಕೂದಲು ಉದುರಿ ಹುಣ್ಣಾಗುತ್ತದೆ.

ಎರಡನೆಯದು ರಕ್ತಹೀನತೆ. ಪುಟ್ಟ ಮರಿಗಳ ಮೈಯಲ್ಲಿ ರಕ್ತವೇ ಕಡಿಮೆ. ನೂರಾರು ಚಿಗಟಗಳು ದಿನವಿಡೀ ಹೀರಿದರೆ ಮರಿಯ ಒಸಡು ಬಿಳಿಚಿಕೊಂಡು, ಹಾಲು ಕುಡಿಯಲೂ ತ್ರಾಣವಿಲ್ಲದೆ ಸಾಯಬಹುದು. ಮರಿಯ ಒಸಡು ಬಿಳಿಚಿದೆ ಎಂದರೆ ಮನೆಮದ್ದಿಗೆ ಸಮಯವಿಲ್ಲ, ಅಂದೇ ವೈದ್ಯರಲ್ಲಿಗೆ ಹೋಗಬೇಕು.

ಮೂರನೆಯದು ಲಾಡಿಹುಳು. ಚಿಗಟದ ಮರಿಹುಳು ನೆಲದಲ್ಲಿರುವ ಲಾಡಿಹುಳುವಿನ ಮೊಟ್ಟೆಯನ್ನು ತಿಂದಿರುತ್ತದೆ. ಬೆಳೆದ ಚಿಗಟವನ್ನು ನಾಯಿ ಕಚ್ಚಿ ನುಂಗಿದಾಗ ಅದರ ಕರುಳಿಗೆ ಲಾಡಿಹುಳು ಸೇರುತ್ತದೆ. ನಾಯಿಯ ಗುದದ ಸುತ್ತ ಅಕ್ಕಿಕಾಳಿನಂಥ ಬಿಳಿ ತುಣುಕು ಕಂಡರೆ ಇದೇ. ನೆಲದಲ್ಲಿ ಆಡುವ ಮಕ್ಕಳು ಅಕಸ್ಮಾತ್ ಚಿಗಟ ನುಂಗಿದರೆ ಅವರಿಗೂ ಬರಬಹುದು. ಮಾತ್ರೆಯಿಂದ ವಾಸಿಯಾಗುತ್ತದೆ.

ನಾಲ್ಕನೆಯದು ಕೆಲವು ಜ್ವರಗಳು. ಇಲಿಯ ಚಿಗಟದಿಂದ ಒಂದು ಬಗೆಯ ಟೈಫಸ್ ಜ್ವರ ಬರುತ್ತದೆ. ಚಿಗಟದ ಹಿಕ್ಕೆ ಮೆತ್ತಿದ ಉಗುರಿನಿಂದ ಬೆಕ್ಕು ಪರಚಿದರೆ ಬಾರ್ಟೊನೆಲ್ಲ ಎಂಬ ಬ್ಯಾಕ್ಟೀರಿಯಾ ಮೈಗೆ ಸೇರಿ ಗಂಟು ಊದಿಕೊಳ್ಳಬಹುದು. ಚಿಗಟ ಕಚ್ಚಿದ ನಂತರ ಜ್ವರ, ಮೈಮೇಲೆ ದದ್ದು, ಗಂಟು ಕಂಡರೆ ಮನೆಯಲ್ಲಿ ಪ್ರಾಣಿ ಅಥವಾ ಇಲಿ ಇರುವುದನ್ನು ವೈದ್ಯರಿಗೆ ಮರೆಯದೆ ಹೇಳಿ. ಆ ಒಂದು ಮಾತು ಸರಿಯಾದ ಔಷಧಿಗೆ ದಾರಿ ತೋರಿಸಬಲ್ಲದು.

ಬೆಕ್ಕಿನ ಚಿಗಟ ಮನುಷ್ಯರ ಮೈಮೇಲೆ ಬೀಡುಬಿಟ್ಟು ಸಂಸಾರ ಮಾಡುವುದಿಲ್ಲ. ಕಚ್ಚುತ್ತದೆ, ಹೋಗುತ್ತದೆ. ಮಕ್ಕಳ ತಲೆಯಲ್ಲಿ ನಾಯಿಯ ಚಿಗಟ ಮೊಟ್ಟೆಯಿಡುತ್ತದೆ ಎಂಬ ಸಂದೇಶ ಸುಳ್ಳು.

ಫಾರ್ವರ್ಡ್ ಸಲಹೆಗಳು: ಒಂದೊಂದಾಗಿ

ಬೆಳ್ಳುಳ್ಳಿ ತಿನ್ನಿಸಿ: ಬೇಡ. ಬೆಳ್ಳುಳ್ಳಿ, ಈರುಳ್ಳಿಯಲ್ಲಿರುವ ಅಂಶಗಳು ನಾಯಿ, ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಕ್ಕಿಗೆ ಇನ್ನೂ ಬೇಗ. ಚಿಗಟ ರಕ್ತ ಹೀರುತ್ತಿರುವ ಪ್ರಾಣಿಗೆ ರಕ್ತ ಒಡೆಯುವ ವಸ್ತುವನ್ನೇ ಕೊಟ್ಟಂತಾಗುತ್ತದೆ.

ಸೀಮೆಎಣ್ಣೆ, ಫಿನಾಯಿಲ್, ಹೊಗೆಸೊಪ್ಪಿನ ನೀರು: ಮೂರೂ ವಿಷ. ಚರ್ಮ ಸುಡುತ್ತದೆ, ಚರ್ಮದ ಮೂಲಕ ಒಳಗಿಳಿಯುತ್ತದೆ, ನೆಕ್ಕಿಕೊಂಡಾಗ ಹೊಟ್ಟೆ ಸೇರುತ್ತದೆ. ನುಸಿಗುಳಿಗೆ, ಕರ್ಪೂರವೂ ಇದೇ ಸಾಲಿಗೆ.

ನಾಯಿಯ ಔಷಧಿಯನ್ನೇ ಬೆಕ್ಕಿಗೆ ಸ್ವಲ್ಪ ಹಾಕಿ: ಇಡೀ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಪಾಯಕಾರಿ ಸಲಹೆ ಇದು. ನಾಯಿಗೆ ಹಾಕುವ ಕೆಲವು ಹನಿ, ಪುಡಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ನಾಯಿಯ ಯಕೃತ್ತು ಅದನ್ನು ಕರಗಿಸಿ ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿಗೆ ಆ ಸಾಮರ್ಥ್ಯ ಬಹಳ ಕಡಿಮೆ. ಬೆಕ್ಕು ನಡುಗತೊಡಗಿ, ಸೆಳವು ಬಂದು ಸಾಯಬಹುದು. ಉಣ್ಣೆಗೆಂದು ಬಳಸುವ ಅಮಿಟ್ರಾಜ್ ಕೂಡ ಬೆಕ್ಕಿಗೆ ಬೇಡ. ಹಾಕಿ ಆಗಿದ್ದರೆ, ಬೆಕ್ಕು ನೆಕ್ಕಿಕೊಳ್ಳದಂತೆ ತಡೆದು ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ, ಪೊಟ್ಟಣವನ್ನು ಜೊತೆಗೆ ಒಯ್ಯಿರಿ.

ಬೇವಿನ ಎಣ್ಣೆ ಸವರಿ: ಗಿಡದಿಂದ ಬಂದದ್ದೆಲ್ಲ ನಿರಪಾಯಕಾರಿಯಲ್ಲ. ಬೆಕ್ಕು ಮೈಯನ್ನೆಲ್ಲ ನೆಕ್ಕಿಕೊಳ್ಳುವ ಪ್ರಾಣಿ, ಸವರಿದ ಎಣ್ಣೆ ಹೊಟ್ಟೆಗೇ ಹೋಗುತ್ತದೆ. ಬೇವಿನೆಣ್ಣೆಯಿಂದ ಬೆಕ್ಕುಗಳು ಕಾಯಿಲೆ ಬಿದ್ದದ್ದಿದೆ. ಮೇಲಾಗಿ ನೆಲದಲ್ಲಿರುವ 95 ಪಾಲಿಗೆ ಅದು ತಾಕುವುದೇ ಇಲ್ಲ.

ಶಬ್ದದ ಕೊರಳಪಟ್ಟಿ ಕಟ್ಟಿ: ನಮಗೆ ಕೇಳಿಸದ ಶಬ್ದದಿಂದ ಚಿಗಟ ಓಡುತ್ತದೆ ಎಂದು ಮಾರುವ ಉಪಕರಣಗಳು ಪರೀಕ್ಷೆಗಳಲ್ಲಿ ಸೋತಿವೆ.

ರಾತ್ರಿ ದೀಪದ ಕೆಳಗೆ ಸೋಪುನೀರಿನ ತಟ್ಟೆ ಇಡಿ: ಹಾನಿಯಿಲ್ಲ. ಮನೆಯಲ್ಲಿ ಚಿಗಟ ಇದೆಯೋ ಇಲ್ಲವೋ ತಿಳಿಯಲು ಉಪಯೋಗಕ್ಕೆ ಬರುತ್ತದೆ. ಕೆಲವು ಬಿದ್ದು ಸಾಯುತ್ತವೆ, ಆದರೆ ಕಾಟ ಮುಗಿಯುವುದಿಲ್ಲ.

ಏನು ಮಾಡಬೇಕು?

ಮೊದಲು ಖಚಿತಪಡಿಸಿಕೊಳ್ಳಿ. ಸೀರಣಿಗೆಯಂಥ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡ, ಕುತ್ತಿಗೆಯನ್ನು ಬಾಚಿ. ಉದುರುವ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದ ಅಥವಾ ಹತ್ತಿಯ ಮೇಲೆ ಹಾಕಿ. ಅದರ ಸುತ್ತ ಕೆಂಪುಕಂದು ಬಣ್ಣ ಹರಡಿದರೆ ಅದು ರಕ್ತ, ಅಂದರೆ ಚಿಗಟದ ಹಿಕ್ಕೆ. ಬಣ್ಣ ಬಿಡದಿದ್ದರೆ ಬರೀ ಮಣ್ಣು.

ಎರಡನೆಯದಾಗಿ, ಮನೆಯ ಎಲ್ಲ ಪ್ರಾಣಿಗಳಿಗೂ ಒಟ್ಟಿಗೆ ಮದ್ದು ಮಾಡಿಸಿ. ಕುತ್ತಿಗೆಯ ಹಿಂದೆ ಹಾಕುವ ಹನಿ, ತಿನ್ನಿಸುವ ಮಾತ್ರೆ ಹೀಗೆ ಒಳ್ಳೆಯ ಔಷಧಿಗಳು ಈಗ ಸಿಗುತ್ತವೆ. ಆದರೆ ಜಾತಿ, ವಯಸ್ಸು, ತೂಕ ನೋಡಿಯೇ ಕೊಡಬೇಕು. ಎಳೆಯ ಮರಿ, ಗಬ್ಬವಾದ ಪ್ರಾಣಿ, ಹಿಂದೆ ಸೆಳವು ಬಂದಿರುವ ಪ್ರಾಣಿ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಮೂರನೆಯದು ಮನೆ. ಪ್ರಾಣಿಯ ಹಾಸನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಕಡುಬಿಸಿಲಿಗೆ ಹಾಕಿ. ಮಂಚದ ಅಡಿ, ಸೋಫಾದ ಸಂದು, ಮೂಲೆಗಳನ್ನು ದಿನಾ ಗುಡಿಸಿ, ಕಸವನ್ನು ಒಳಗೆ ಇಟ್ಟುಕೊಳ್ಳದೆ ಕಟ್ಟಿ ಹೊರಗೆ ಹಾಕಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಇನ್ನೂ ಒಳ್ಳೆಯದು. ಅದರ ನಡುಕಕ್ಕೆ ಗೂಡಿನ ಚಿಗಟಗಳು ಎದ್ದು ಬರುತ್ತವೆ, ಬಂದರೆ ಸಿಕ್ಕಿಬೀಳುತ್ತವೆ. ಮೊಟ್ಟೆ, ಮರಿಹುಳು ಬೆಳೆಯದಂತೆ ತಡೆಯುವ ಸಿಂಪಡಣೆಯ ಬಗ್ಗೆ ವೈದ್ಯರನ್ನು ಕೇಳಿ.

ನಾಲ್ಕನೆಯದು ತಾಳ್ಮೆ. ಔಷಧಿ ಹಾಕಿದ ಎರಡು ಮೂರು ವಾರದ ಮೇಲೂ ಹೊಸ ಚಿಗಟಗಳು ಕಾಣುತ್ತವೆ. ಔಷಧಿ ನಕಲಿ ಎಂದು ಹಲವರು ಇಲ್ಲಿಯೇ ಕೈಬಿಡುತ್ತಾರೆ, ಸೀಮೆಎಣ್ಣೆಗೆ ಕೈಹಾಕುವುದೂ ಹೆಚ್ಚಾಗಿ ಆಗಲೇ. ಅವು ಹಳೆಯ ಗೂಡುಗಳಿಂದ ಈಗ ಹೊರಬರುತ್ತಿರುವ ಚಿಗಟಗಳು. ಔಷಧಿಯಿರುವ ಮೈಗೆ ಹತ್ತಿದರೆ ಮೊಟ್ಟೆಯಿಡುವ ಮೊದಲೇ ಸಾಯುತ್ತವೆ. ಸಾಮಾನ್ಯವಾಗಿ ಮೂರು ತಿಂಗಳು ಬಿಡದೆ ಮದ್ದು ಮುಂದುವರಿಸಿದರೆ ನೆಲದ ದಾಸ್ತಾನು ಖಾಲಿಯಾಗುತ್ತದೆ.

ನಿಮ್ಮನ್ನು ಕಚ್ಚಿದ್ದರೆ ಆ ಜಾಗವನ್ನು ಸೋಪಿನಿಂದ ತೊಳೆದು ತಣ್ಣೀರ ಬಟ್ಟೆ ಒತ್ತಿ. ಕೆರೆಯಬೇಡಿ, ಕೆರೆದರೆ ಕೀವಾಗುತ್ತದೆ.

ಮುಂದಿನ ಸಲ ಚಿಗಟದ ಮದ್ದಿನ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ ನೋಡಿ. ಇದು ಪ್ರಾಣಿ ನೆಕ್ಕಿದರೆ ಅಪಾಯವಿಲ್ಲವೇ? ನಾಯಿಗೂ ಬೆಕ್ಕಿಗೂ ಬೇರೆ ಬೇರೆಯಾಗಿ ಹೇಳಿದೆಯೇ? ನೆಲದಲ್ಲಿರುವ 95 ಪಾಲಿಗೆ ಏನು ಮಾಡಬೇಕೆಂದು ಹೇಳಿದೆಯೇ? ಮೂರಕ್ಕೂ ಉತ್ತರವಿಲ್ಲದಿದ್ದರೆ ಅದನ್ನು ಮುಂದೆ ಕಳಿಸಬೇಡಿ. ನಿಮ್ಮ ಗುಂಪಿನಲ್ಲಿ ಯಾರದೋ ಮನೆಯ ಬೆಕ್ಕಿನ ಜೀವ ಅದರಿಂದ ಉಳಿಯಬಹುದು.